ಊರು ಬಿಡದ ಮಾರ್ಷಲ್

ಈ ವಾರದ ಮಾತಿನ ಬರಹ ರೂಪ ಇದು. ಮಾತಾಡುವಾಗ ಬಾಯಿಗೆ ಬರದೇ ಹೋದ ಒಂದೆರಡು ಸಂಗತಿ ಇಲ್ಲಿ ಸೇರಿಸಿದ್ದೀನಿ.

ಕೌಬಾಯ್ ಅಂದ ತಕ್ಷಣ ನಮಗೆ ಕಣ್ಣ ಮುಂದೆ ಬರೋದು ಸಿನಿಮಾ. ಬಾಯಲ್ಲಿ ಚುರುಟು ಕಚ್ಚಿದ ಕ್ಲಿಂಟ್ ಈಸ್ಟ್‌ವುಡ್, ಆಮೇಲೆ ನಮ್ಮ ರಾಮನಗರದ ಬಂಡೆ. ಇವತ್ತು ಹೇಳ್ತಿರೋದು ಅದಲ್ಲ. ಅಮೆರಿಕದ ಜನ ಇಪ್ಪತ್ತು ವರ್ಷ ಮನೆಯಲ್ಲಿ ಕೂತು ನೋಡಿದ ಟಿವಿ ವೆಸ್ಟರ್ನ್‌ಗಳ ಬಗ್ಗೆ. ಅದು ಬೇರೆಯೇ ಜಾತಿ ಅನ್ನೋದು ನನ್ನ ವಾದ.

ನನಗೆ ಇವು ಸಿಕ್ಕಿದ್ದು 2008ರ ಚಳಿಗಾಲದಲ್ಲಿ. ಕ್ಯಾನ್ಸಾಸ್‌ನ ಓವರ್‌ಲ್ಯಾಂಡ್ ಪಾರ್ಕ್‌ಗೆ ನಾಲ್ಕು ತಿಂಗಳು ಆನ್‌ಸೈಟ್ ಕಳಿಸಿದ್ರು. ಕಾರಿಲ್ಲ, ಹೊರಗೆ ಮೊಣಕಾಲಿನವರೆಗೆ ಹಿಮ. ರಾತ್ರಿ ಪುಣೆ ಟೀಮ್ ಜೊತೆ ಕಾಲ್ ಮುಗಿಸಿ, ರೈಸ್ ಕುಕ್ಕರ್‌ನಲ್ಲಿ ಮಾಡಿದ ಅನ್ನಕ್ಕೆ ಅಮ್ಮ ಕೊಟ್ಟಿದ್ದ ಚಟ್ನಿಪುಡಿ ಕಲಸಿಕೊಂಡು ಟಿವಿ ಹಾಕಿದ್ರೆ ಹಳೇ ಧಾರಾವಾಹಿಗಳ ಚಾನೆಲ್‌ನಲ್ಲಿ 'ಗನ್‌ಸ್ಮೋಕ್' ಬರ್ತಿತ್ತು. ಕಪ್ಪು ಬಿಳುಪು. ಎತ್ತರದ ಒಬ್ಬ ಮಾರ್ಷಲ್, ಮುದುಕ ಡಾಕ್ಟರ್, ಸಲೂನ್ ನಡೆಸೋ ಹೆಂಗಸು, ಕುಂಟು ಕಾಲಿನ ಸಹಾಯಕ. ಸಲೂನ್ ಅಂದ್ರೆ ಕಟಿಂಗ್ ಶಾಪ್ ಅಲ್ಲ, ಹೆಂಡದಂಗಡಿ! ಮೊದಲ ವಾರ ಸುಮ್ಮನೆ ಸದ್ದಿಗೆ ಹಾಕಿದೆ. ಮೂರನೇ ವಾರಕ್ಕೆ ಅದಕ್ಕೆ ಸರಿಯಾಗಿ ಕಾಲ್ ಮುಗಿಸೋಕೆ ನೋಡ್ತಿದ್ದೆ.

ಸ್ವಲ್ಪ ಲೆಕ್ಕ ಹೇಳ್ತೀನಿ. 'ಗನ್‌ಸ್ಮೋಕ್' 1952ರಲ್ಲಿ ರೇಡಿಯೋದಲ್ಲಿ ಶುರುವಾಗಿ 1955ರಲ್ಲಿ ಟಿವಿಗೆ ಬಂತು. 1975ರವರೆಗೆ 20 ವರ್ಷ, 635 ಕಂತು. ಆ ಲೆಕ್ಕವನ್ನು 'ಸಿಂಪ್ಸನ್ಸ್' ದಾಟಿದ್ದು 2018ರಲ್ಲಿ. ಮಾರ್ಷಲ್ ಮ್ಯಾಟ್ ಡಿಲನ್ ಪಾತ್ರದಲ್ಲಿ ಅಷ್ಟೂ ವರ್ಷ ಒಬ್ಬರೇ, ಜೇಮ್ಸ್ ಆರ್ನೆಸ್. 1958-59ರಲ್ಲಂತೂ ಅಮೆರಿಕದಲ್ಲಿ ಅತಿ ಹೆಚ್ಚು ಜನ ನೋಡಿದ ಮೊದಲ ನಾಲ್ಕು ಕಾರ್ಯಕ್ರಮವೂ ವೆಸ್ಟರ್ನೇ: 'ಗನ್‌ಸ್ಮೋಕ್', 'ವ್ಯಾಗನ್ ಟ್ರೇನ್', 'ಹ್ಯಾವ್ ಗನ್ ವಿಲ್ ಟ್ರಾವೆಲ್', 'ದಿ ರೈಫಲ್‌ಮನ್'.

ಯಾಕೆ ಅಷ್ಟೊಂದು? ಒಂದು ಕಾರಣ ದುಡ್ಡು. ಸ್ಟುಡಿಯೋಗಳ ಹತ್ತಿರ ಹಳೇ ಸಿನಿಮಾಗಳ ಬೀದಿ ಸೆಟ್ ಇತ್ತು, ಕುದುರೆ ಇತ್ತು, ಉಡುಪು ಇತ್ತು, ದನದ ಹಿಂಡು ಓಡೋ ಹಳೇ ಫಿಲ್ಮ್ ತುಣುಕೂ ಇತ್ತು. ಇನ್ನೊಂದು ಕಡೆ 'ಬೊನಾಂಜಾ' ನೋಡಿ. 1959ರಲ್ಲಿ ಶುರುವಾದಾಗಿಂದಲೇ ಕಲರ್. ಅದನ್ನು ತೋರಿಸ್ತಿದ್ದ ಎನ್‌ಬಿಸಿಯ ಮಾಲೀಕ ಕಂಪನಿ ಆರ್‌ಸಿಎ. ಆರ್‌ಸಿಎ ಮಾರ್ತಿದ್ದಿದ್ದು ಕಲರ್ ಟಿವಿ. ಟಾಹೋ ಸರೋವರ, ಪೈನ್ ಮರ, ನೀಲಿ ಆಕಾಶ ಎಲ್ಲಾ ಒಂಥರಾ ಶೋರೂಮ್ ಡೆಮೋ.

ಇಲ್ಲಿಂದ ನನ್ನ ಮುಖ್ಯ ಮಾತಿಗೆ ಬರ್ತೀನಿ. ಸಿನಿಮಾ ವೆಸ್ಟರ್ನ್‌ನಲ್ಲಿ ಸಾಮಾನ್ಯವಾಗಿ ಏನಾಗುತ್ತೆ? ಅಪರಿಚಿತನೊಬ್ಬ ಊರಿಗೆ ಬರ್ತಾನೆ, ಕೆಟ್ಟವರನ್ನು ಹೊಡೀತಾನೆ, ಕುದುರೆ ಹತ್ತಿ ಹೊರಟುಹೋಗ್ತಾನೆ. 1953ರ 'ಶೇನ್' ಚಿತ್ರದಲ್ಲಿ ಆ ಪುಟ್ಟ ಹುಡುಗ ಹಿಂದಿನಿಂದ ಕೂಗಿ ಕರೆದ್ರೂ ಅವನು ನಿಲ್ಲಲ್ಲ. ನಮ್ಮ 'ಶೋಲೆ'ಯಲ್ಲೂ ಅಷ್ಟೇ, ಕೊನೆಗೆ ವೀರು ರೈಲು ಹತ್ತುತ್ತಾನೆ. ಗುಂಡು ಹಾರಿಸಿದವನು ಹೋದ. ಊರು ಆಮೇಲೆ ಏನಾಯ್ತು ಅಂತ ಯಾರೂ ಕೇಳಲ್ಲ.

ಟಿವಿಯಲ್ಲಿ ಹಾಗೆ ಹೋಗೋಕಾಗಲ್ಲ. ಮುಂದಿನ ಶನಿವಾರ ಮತ್ತೆ ಅದೇ ಬೀದಿ, ಅದೇ ಜನ. ಮ್ಯಾಟ್ ಡಿಲನ್ ಇವತ್ತು ಒಬ್ಬನಿಗೆ ಗುಂಡು ಹೊಡೆದ್ರೆ, ನಾಳೆ ಅದೇ ಡಾಕ್ಟರ್ ಎದುರು ಕೂತು ಕಾಫಿ ಕುಡೀಬೇಕು. ಆ ಡಾಕ್ಟರ್ ಒಂದು ಮಾತು ಕುಟುಕದೆ ಬಿಡಲ್ಲ. ಶುರುವಿನ ಅರ್ಧ ಗಂಟೆಯ ಕಂತುಗಳಲ್ಲಿ ಮ್ಯಾಟ್ ಗೆದ್ದ ಮೇಲೂ ಮುಖ ಸಪ್ಪಗೆ ಮಾಡಿಕೊಂಡಿರ್ತಾನೆ. ಬೂಟ್ ಹಿಲ್ ಅನ್ನೋ ಸ್ಮಶಾನದಲ್ಲಿ ಓಡಾಡ್ತಾ ತನ್ನಷ್ಟಕ್ಕೆ ಮಾತಾಡ್ತಾನೆ. ಬಂದೂಕಿನ ಕಥೆ ಅಂದ್ಕೊಂಡು ಕೂತ್ರೆ, ಅದು ಒಂದೇ ಊರಲ್ಲಿ ಉಳಿದುಕೊಳ್ಳೋದರ ಕಷ್ಟದ ಕಥೆ. ನನಗೆ ಅದು 'ಶೋಲೆ'ಗಿಂತ ಹೆಚ್ಚಾಗಿ ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್' ನೆನಪಿಸ್ತು. ಬೇರೆ ಬೇರೆ ಜನ ಬಂದು ಹೋಗ್ತಾರೆ, ಊರು ಮಾತ್ರ ಇರುತ್ತೆ.

ಎಲ್ಲಾ ಧಾರಾವಾಹಿಯೂ ಹೀಗೇ ಅಂತ ಅಲ್ಲ. ಹೋಗ್ತಾ ಇರೋರ ಕಥೆಗಳೂ ಇದ್ದವು. 'ರಾಹೈಡ್'ನಲ್ಲಿ ಟೆಕ್ಸಾಸ್‌ನಿಂದ ದನ ಹೊಡ್ಕೊಂಡು ಹೋಗೋದೇ ಕೆಲಸ, ಎಂಟು ಸೀಸನ್ ಹೊಡೆದ್ರು! ದನದ ತಂಡದ ಮುಖ್ಯಸ್ಥ ಗಿಲ್ ಫೇವರ್‌ನ ನೋಡಿದಾಗಲೆಲ್ಲ ನನಗೆ ಪ್ರಾಜೆಕ್ಟ್ ಮ್ಯಾನೇಜರ್ ನೆನಪಾಗೋರು: ಡೆಡ್‌ಲೈನ್, ದಾರಿಯಲ್ಲಿ ಬಿಟ್ಟುಹೋಗೋ ಹುಡುಗರು, ಊಟ ಸರಿಯಿಲ್ಲ ಅನ್ನೋ ಗಲಾಟೆ. ಅವನ ಕೈಕೆಳಗಿನ ರೌಡಿ ಯೇಟ್ಸ್ ಅನ್ನೋ ಹುಡುಗನೇ ಕ್ಲಿಂಟ್ ಈಸ್ಟ್‌ವುಡ್. 1964ರಲ್ಲಿ 'ರಾಹೈಡ್' ಬಿಡುವಿನಲ್ಲಿ ಸ್ಪೇನ್‌ಗೆ ಹೋಗಿ ಸೆರ್ಜಿಯೋ ಲಿಯೋನೆ ಸಿನಿಮಾ ಮಾಡಿದರು. ಆ ಲಿಯೋನೆಯ ಶೈಲಿಯೇ ಮುಂದೆ 'ಶೋಲೆ'ಗೆ ದಾರಿಯಾಯ್ತು. ಹಾಗೆ ನೋಡಿದ್ರೆ ಒಂದು ಟಿವಿ ಕೌಬಾಯ್‌ನ ರಜೆಯಿಂದ ಹೊರಟ ಎಳೆ ನಮ್ಮ ರಾಮನಗರದವರೆಗೂ ಬಂದಿದೆ.

ಕ್ಲೈಂಟ್ ಕಡೆ ಒಬ್ಬರು ಮೇನ್‌ಫ್ರೇಮ್ ನೋಡ್ಕೊಳ್ಳೋ ಹಿರಿಯರಿದ್ದರು, ನಿವೃತ್ತಿಗೆ ಒಂದು ವರ್ಷ ಬಾಕಿ. ನಾನು 'ಗನ್‌ಸ್ಮೋಕ್' ನೋಡ್ತೀನಿ ಅಂದಿದ್ದಕ್ಕೆ ಅವರಿಗೆ ಆದ ಖುಷಿ ಹೇಳತೀರದು. ಅಲ್ಲಿವರೆಗೆ ನಮ್ಮಿಬ್ಬರ ಮಾತು ಬರೀ ಬ್ಯಾಚ್ ಜಾಬ್ ಬಗ್ಗೆ. ಶನಿವಾರ ರಾತ್ರಿ ಅಜ್ಜಿ ಮನೆಯಲ್ಲಿ ಎಲ್ಲರೂ ಒಂದೇ ಟಿವಿ ಮುಂದೆ ಕೂರ್ತಿದ್ದರಂತೆ, ಮಕ್ಕಳಿಗೆ ನೆಲ, ಅಜ್ಜನಿಗೆ ಕುರ್ಚಿ. ನಾನು 1987ರಲ್ಲಿ ಭಾನುವಾರ ಬೆಳಿಗ್ಗೆ ಪಕ್ಕದ ಮನೆಯಲ್ಲಿ 'ರಾಮಾಯಣ' ನೋಡಿದ್ದು ಹೇಳಿದೆ. ಅವರೇ ಒಂದು ಶನಿವಾರ ಕಾರಲ್ಲಿ ಡಾಡ್ಜ್ ಸಿಟಿಗೆ ಕರ್ಕೊಂಡು ಹೋದರು, ಐದಾರು ಗಂಟೆ ದಾರಿ, ಎರಡೂ ಕಡೆ ಬಯಲು.

ಡಾಡ್ಜ್ ಸಿಟಿ ನಿಜವಾದ ಊರು. 1870-80ರ ದಶಕದಲ್ಲಿ ಟೆಕ್ಸಾಸ್ ದನಗಳನ್ನು ರೈಲಿಗೆ ಹತ್ತಿಸ್ತಿದ್ದ ಜಾಗ. ಈಗ ಅಲ್ಲಿ ಬೂಟ್ ಹಿಲ್ ಮ್ಯೂಸಿಯಂ ಇದೆ, ಹಳೇ ಬೀದಿಯ ನಕಲೂ ಕಟ್ಟಿಟ್ಟಿದ್ದಾರೆ. ನಿಜದ ಡಾಡ್ಜ್ ಟಿವಿಯಷ್ಟು ರಕ್ತಮಯ ಆಗಿರಲಿಲ್ಲ. ಊರೊಳಗೆ ಬಂದೂಕು ಹಿಡ್ಕೊಂಡು ಓಡಾಡೋದು ನಿಷೇಧ ಅಂತ ಬೋರ್ಡೇ ಹಾಕಿದ್ದರು, ಅದರ ಹಳೇ ಫೋಟೋ ಇದೆ. ಇತಿಹಾಸಕಾರ ರಾಬರ್ಟ್ ಡೈಕ್‌ಸ್ಟ್ರಾ ಅವರ ಎಣಿಕೆಯಲ್ಲಿ 1870ರಿಂದ 1885ರವರೆಗೆ ಕ್ಯಾನ್ಸಾಸ್‌ನ ಅಂಥ ಐದು ಊರುಗಳಲ್ಲಿ ಆದ ಕೊಲೆ ಒಟ್ಟು 45. ಮ್ಯಾಟ್ ಡಿಲನ್ ಒಬ್ಬನೇ ಅದಕ್ಕಿಂತ ಹೆಚ್ಚು ಜನರನ್ನು ಮಲಗಿಸಿದ್ದಾನೆ. ಆ ಊರು ಇವತ್ತಿಗೂ ದನದ ಮೇಲೇ ನಿಂತಿದೆ. ದೊಡ್ಡ ದೊಡ್ಡ ಮಾಂಸದ ಕಾರ್ಖಾನೆಗಳು, ಅಲ್ಲಿ ಕೆಲಸಕ್ಕೆ ಬಂದು ನೆಲೆಸಿದ ಮೆಕ್ಸಿಕೋ ಕಡೆಯ ಜನ. ಬೀದಿಯಲ್ಲಿ ಸ್ಪ್ಯಾನಿಷ್ ಬೋರ್ಡು. ಟಿವಿಯ ಊರಲ್ಲಿ ಇವರ್ಯಾರೂ ಇರಲಿಲ್ಲ.

ಹೌದು, ಈ ಧಾರಾವಾಹಿಗಳಲ್ಲಿ ಇಲ್ಲದೇ ಇರೋರ ಪಟ್ಟಿ ದೊಡ್ಡದು, ಅದನ್ನ ಮುಚ್ಚಿಟ್ಟು ಹೊಗಳೋಕೆ ನನಗಿಷ್ಟ ಇಲ್ಲ. ನಿಜದ ಕೌಬಾಯ್‌ಗಳಲ್ಲಿ ಕಪ್ಪು ಜನ ಬಹಳಷ್ಟಿದ್ದರು, ತೆರೆ ಮೇಲೆ ಅವರನ್ನು ಹುಡುಕಬೇಕು. 'ಬೊನಾಂಜಾ'ದ ಚೀನೀ ಅಡುಗೆಯವನು ಹಾಪ್ ಸಿಂಗ್ ನಗಿಸೋಕೆ ಮಾತ್ರ. ಮೂಲನಿವಾಸಿಗಳ ಪಾತ್ರವನ್ನು ಎಷ್ಟೋ ಸಲ ಬೇರೆಯವರೇ ಮಾಡ್ತಿದ್ದರು. 'ಬ್ರೋಕನ್ ಆ್ಯರೋ'ದಲ್ಲಿ ಅಪಾಚೆ ನಾಯಕ ಕೊಚೀಸ್ ಆಗಿದ್ದ ಮೈಕೆಲ್ ಅನ್ಸಾರಾ ಹುಟ್ಟಿದ್ದು ಸಿರಿಯಾದಲ್ಲಿ. ಹೆಂಗಸರ ಕಥೆ ಇನ್ನೂ ಕಷ್ಟ. 'ಬೊನಾಂಜಾ'ದ ಬೆನ್ ಕಾರ್ಟ್‌ರೈಟ್‌ಗೆ ಮೂವರು ಹೆಂಡತಿಯರಿಂದ ಮೂವರು ಗಂಡುಮಕ್ಕಳು, ಮೂವರು ಹೆಂಡತಿಯರೂ ಕಥೆ ಶುರುವಾಗೋ ಮೊದಲೇ ತೀರಿಹೋಗಿದ್ದಾರೆ. ಮಕ್ಕಳು ಯಾರನ್ನಾದ್ರೂ ಪ್ರೀತಿಸಿದ್ರೆ ಆ ಹುಡುಗಿಗೂ ಹೆಚ್ಚು ದಿನ ಇಲ್ಲ ಅಂತಲೇ ಲೆಕ್ಕ. 'ಗನ್‌ಸ್ಮೋಕ್'ನ ಮಿಸ್ ಕಿಟ್ಟಿ ಪರವಾಗಿಲ್ಲ, ಸ್ವಂತ ಸಲೂನ್, ಸ್ವಂತ ಮಾತು. ಆದ್ರೆ 19 ಸೀಸನ್ ಕಾದ್ರೂ ಮ್ಯಾಟ್ ಮದುವೆ ಮಾಡ್ಕೊಳ್ಳಲಿಲ್ಲ ಪುಣ್ಯಾತ್ಮ.

ಇಷ್ಟೆಲ್ಲಾ ಇದ್ರೂ ಯಾಕೆ ಇಷ್ಟ ಅಂದ್ರೆ, ನಾನು ಪುಣೆಗೆ ಬಂದು ಆಗಲೇ ಏಳು ವರ್ಷ ಆಗಿತ್ತು. ಸೊಸೈಟಿ ಮೀಟಿಂಗ್‌ಗೆ ಒಮ್ಮೆಯೂ ಹೋಗಿರಲಿಲ್ಲ. ಎದುರು ಮನೆ ಅಜೋಬಾ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ. ನೀರಿನ ಟ್ಯಾಂಕರ್ ಜಗಳ ಬಂದ್ರೆ 'ನಾವು ಇವತ್ತಲ್ಲ ನಾಳೆ ಊರಿಗೆ ಹೋಗೋರು, ನಮಗ್ಯಾಕೆ' ಅಂತಿದ್ದೆ. ನಾನು ಸಿನಿಮಾದ ಕೌಬಾಯ್, ಗುಂಡು ಹಾರಿಸದ ಕೌಬಾಯ್. ಆ ಚಳಿಗಾಲದಲ್ಲಿ ಡಾಕ್ಟರ್ ಮತ್ತು ಮ್ಯಾಟ್ ಒಂದೇ ಮೇಜಿನ ಮುಂದೆ ಮತ್ತೆ ಮತ್ತೆ ಕೂರೋದನ್ನ ನೋಡಿದಾಗ ಇದು ತಲೆಗೆ ಹೊಳೀತು. ವಾಪಸ್ ಬಂದು ಮೊದಲ ಮೀಟಿಂಗ್‌ಗೆ ಹೋದೆ. ಮರಾಠಿಯಲ್ಲಿ ಎರಡು ವಾಕ್ಯ ಮಾತಾಡಿದೆ, ಎರಡೂ ತಪ್ಪು. ಟ್ಯಾಂಕರ್ ಲೆಕ್ಕ ನನ್ನ ತಲೆಗೆ ಕಟ್ಟಿದರು, ಇವತ್ತಿಗೂ ಬಿಟ್ಟಿಲ್ಲ.

ನೋಡೋ ಆಸೆ ಇದ್ದವರಿಗೆ: 'ಗನ್‌ಸ್ಮೋಕ್'ನ ಮೊದಲ ಆರು ಸೀಸನ್‌ನ ಅರ್ಧ ಗಂಟೆಯ ಕಪ್ಪು ಬಿಳುಪು ಕಂತುಗಳಿಂದ ಶುರು ಮಾಡಿ. 1961ರಿಂದ ಒಂದು ಗಂಟೆ ಮಾಡಿದ್ರು, ಸ್ವಲ್ಪ ಎಳೆದಂಗಾಯ್ತು. ಮನೆಯಲ್ಲಿ ಮಕ್ಕಳಿದ್ರೆ 'ದಿ ರೈಫಲ್‌ಮನ್', ಹೆಂಡತಿ ಇಲ್ಲದ ರೈತನೊಬ್ಬ ಮಗನನ್ನು ಬೆಳೆಸೋ ಕಥೆ. ಆಮೇಲೆ ಇನ್ನೊಂದು, 'ಗನ್‌ಸ್ಮೋಕ್'ಗೆ ಕೊನೇ ಕಂತು ಅಂತ ಹುಡುಕಬೇಡಿ. 1975ರಲ್ಲಿ ಚಾನೆಲ್‌ನವರು ಮುಂದಿನ ಸೀಸನ್ ಇಲ್ಲ ಅಂದುಬಿಟ್ಟರು, ತಂಡದವರು ಇನ್ನೊಂದು ವರ್ಷ ಇರುತ್ತೆ ಅಂದ್ಕೊಂಡಿದ್ದರು. ಬೀಳ್ಕೊಡುಗೆಯ ಕಥೆಯನ್ನೇ ಬರೆದಿರಲಿಲ್ಲ. ಹಾಗಾಗಿ ಆ ಸೀಸನ್ ಮುಗಿದಾಗಲೂ ಮ್ಯಾಟ್ ಡಿಲನ್ ಡಾಡ್ಜ್ ಸಿಟಿಯಲ್ಲೇ ಡ್ಯೂಟಿಯಲ್ಲಿದ್ದ.