ತಡವಿಲ್ಲದ ಸಂದೇಶ

ದೂರವನ್ನು ಗೆಲ್ಲಲು ಮಾನವನು ಹೂಡಿದ ಸಾಹಸಗಳಲ್ಲಿ ನಿಸ್ತಂತು ಸಂಪರ್ಕವು ಅತ್ಯಂತ ಬೆರಗಿನದು. ಅಂಗೈಯಲ್ಲಿರುವ ದೂರವಾಣಿಯಿಂದ ಹೊರಟ ರೇಡಿಯೋ ಅಲೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ವೇಗದಲ್ಲಿ ಸಾಗಿ ಗುಡ್ಡದ ಮೇಲಿನ ಗೋಪುರವನ್ನು ಮುಟ್ಟುತ್ತದೆ. ಇಷ್ಟು ವೇಗವಿದ್ದರೂ ಮಾತು ತುಂಡುತುಂಡಾಗುವುದೇಕೆ? ಚಿತ್ರ ನಿಂತು ನಿಂತು ಚಲಿಸುವುದೇಕೆ? ತಪ್ಪು ಅಲೆಯದಲ್ಲ, ಅಲೆಯು ಗೋಪುರವನ್ನು ಮುಟ್ಟಿದ ಮೇಲೆ ಸಂದೇಶವು ಕ್ರಮಿಸಬೇಕಾದ ದಾರಿಯದು.

ದಕ್ಷಿಣ ಕನ್ನಡ ಜಿಲ್ಲೆಯ ಮೂರು ಊರುಗಳನ್ನು ನೋಡಿದರೆ ಈ ಮಾತು ತಿಳಿಯಾಗುತ್ತದೆ. ನೇತ್ರಾವತಿಯ ದಡದಲ್ಲಿ ಬಂಟ್ವಾಳ, ಸಹ್ಯಾದ್ರಿಯ ಬುಡದಲ್ಲಿ ಬೆಳ್ತಂಗಡಿ, ಬಸದಿಗಳ ನಡುವೆ ಮೂಡುಬಿದಿರೆ. ಬೆಳ್ತಂಗಡಿಯ ಒಬ್ಬನು ತನ್ನ ದೂರವಾಣಿಯಲ್ಲಿ ಏನನ್ನಾದರೂ ಕೇಳಿದರೆ, ಉತ್ತರ ಕೊಡುವ ಗಣಕಯಂತ್ರವು ಹತ್ತಿರದಲ್ಲಿರುವುದಿಲ್ಲ. ಅದು ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಸಾಗರದಾಚೆಗೋ ಇರುತ್ತದೆ. ಗೋಪುರದಿಂದ ಮುಂದೆ ಸಂದೇಶವು ಗಾಜಿನ ಎಳೆಯೊಳಗೆ ಬೆಳಕಾಗಿ ಹರಿಯುತ್ತದೆ. ಅಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು. ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿಲೋಮೀಟರು ಹೋಗಿ ಬರಲು ಅದಕ್ಕೆ ಮೂರೂವರೆ ಮಿಲಿಸೆಕೆಂಡು ಸಾಕು. ಮಿಲಿಸೆಕೆಂಡೆಂದರೆ ಸೆಕೆಂಡಿನ ಸಾವಿರದ ಒಂದು ಪಾಲು. ಆದರೆ ಸಂದೇಶವು ನೇರ ದಾರಿಯನ್ನೇ ಹಿಡಿಯುವುದಿಲ್ಲ. ನಡುವೆ ಹತ್ತಾರು ಯಂತ್ರಗಳ ಮುಂದೆ ಸರದಿಯಲ್ಲಿ ನಿಲ್ಲುತ್ತದೆ. ಅಲ್ಲಲ್ಲಿ ತಾನು ಯಾರದೆಂದು ಗುರುತು ಹೇಳಬೇಕಾಗುತ್ತದೆ. ದೂರ, ಸರದಿ, ಗುರುತಿನ ಪರೀಕ್ಷೆ ಈ ಮೂರೂ ಸೇರಿ ತಡವಾಗುತ್ತದೆ.

ಮೊದಲಿನ ಎರಡಕ್ಕೆ ಪರಿಹಾರವೆಂದರೆ ಕೆಲಸವನ್ನು ಬಳಕೆದಾರನ ಹತ್ತಿರಕ್ಕೆ ತರುವುದು. ಇದಕ್ಕೊಂದು ಹೋಲಿಕೆ ಮೂಡುಬಿದಿರೆಯಲ್ಲೇ ದೊರೆಯುತ್ತದೆ. ಜೈನರ ಪವಿತ್ರ ಗ್ರಂಥವಾದ ಧವಲಾ ಟೀಕೆಯ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಅಲ್ಲಿಯ ಬಸದಿಯಲ್ಲಿ ಭದ್ರವಾಗಿದ್ದವು. ಅದನ್ನು ಕಾಣಬೇಕಾದವರು ದೂರದೂರದಿಂದ ಅಲ್ಲಿಗೇ ಬರಬೇಕಾಗಿತ್ತು. ಪ್ರತಿ ಮಾಡುವ ಕಾರ್ಯ ನಡೆದು, 1939ರಿಂದ ಗ್ರಂಥವು ಅಚ್ಚಾಗತೊಡಗಿದ ಮೇಲೆ ಓದುಗನು ಇದ್ದಲ್ಲಿಗೆ ಗ್ರಂಥವೇ ಬಂದಿತು. ಮೂಲ ಮೂಲಸ್ಥಾನದಲ್ಲಿ ಉಳಿಯಿತು. ಓದುವವನ ಪ್ರಯಾಣ ತಪ್ಪಿತು. ಇದೇ ರೀತಿ, ದೂರದ ದೊಡ್ಡ ಗಣಕಕೇಂದ್ರವು ಮಾಡುವ ಕೆಲಸದ ಒಂದು ಭಾಗವನ್ನು ಗೋಪುರದ ಬಳಿಯೋ ಹತ್ತಿರದ ಪಟ್ಟಣದಲ್ಲೋ ಇರುವ ಚಿಕ್ಕ ಗಣಕಕ್ಕೆ ಒಪ್ಪಿಸಬಹುದು. ಜಾಲದ ಅಂಚಿನಲ್ಲಿ ನಡೆಯುವ ಈ ಕಾರ್ಯಕ್ಕೆ ಎಡ್ಜ್ ಕಂಪ್ಯೂಟಿಂಗ್, ಅಂದರೆ ಅಂಚಿನ ಗಣನೆ ಎಂದು ಹೆಸರು. ಪದೇ ಪದೇ ಬೇಕಾಗುವ ಮಾಹಿತಿಯೂ ಕೂಡಲೇ ಕೊಡಬೇಕಾದ ಉತ್ತರವೂ ಅಲ್ಲಿಯೇ ಸಿದ್ಧವಾಗುತ್ತವೆ. ಉಳಿದದ್ದು ಮಾತ್ರ ದೂರ ಹೋಗುತ್ತದೆ.

ಮೂರನೆಯ ತೊಡಕು ಗುರುತಿನ ಪರೀಕ್ಷೆ. ಪರೀಕ್ಷೆಯಿಲ್ಲದೆ ಜಾಲದ ಬಾಗಿಲನ್ನು ತೆರೆದಿಡುವುದು ಅಪಾಯಕರ. ಆದರೆ ಬಂಟ್ವಾಳದಲ್ಲಿ ಒಮ್ಮೆ ಖಚಿತವಾದ ಗುರುತನ್ನು ಮೂಡುಬಿದಿರೆಯಲ್ಲಿ ಮೊದಲಿನಿಂದ ಪರೀಕ್ಷಿಸುವುದು ವ್ಯರ್ಥ ಶ್ರಮ. ಪರಸ್ಪರ ನಂಬುವ ಕೇಂದ್ರಗಳು ಒಂದರ ಪರೀಕ್ಷೆಯನ್ನು ಇನ್ನೊಂದು ಒಪ್ಪುವುದೇ ಹಂಚಿಕೊಂಡ ದೃಢೀಕರಣ. ಒಂದೇ ಸಂಸ್ಥೆಯ ಗೋಪುರಗಳು ಹೀಗೆಯೇ ನಡೆದುಕೊಳ್ಳುತ್ತವೆ: ಒಂದು ಗೋಪುರವು ತನ್ನ ತಾತ್ಕಾಲಿಕ ಕೀಲಿಯಿಂದ ಹೊಸದೊಂದನ್ನು ರೂಪಿಸಿ ಮುಂದಿನದಕ್ಕೆ ದಾಟಿಸುತ್ತದೆ. ದೂರವಾಣಿಯ ಸಿಮ್ ಬಿಲ್ಲೆಯೊಳಗಿನ ಮೂಲ ಕೀಲಿ ಎಂದಿಗೂ ಹೊರಬರುವುದಿಲ್ಲ. ವೈಫೈ ಜಾಲಗಳಿಗೂ ಇಂತಹ ಕ್ರಮವೊಂದು 2008ರಲ್ಲಿ ನಿಯಮವಾಯಿತು. ಕಷ್ಟವಿರುವುದು ಒಂದು ಬಗೆಯ ಜಾಲದಿಂದ ಇನ್ನೊಂದಕ್ಕೆ, ಒಂದು ಅಂಚಿನ ಗಣಕದಿಂದ ಮತ್ತೊಂದಕ್ಕೆ ದಾಟುವಾಗ. ಅಲ್ಲಿಯೂ ನಂಬಿಕೆ ಹಂಚಿಕೆಯಾಗಬೇಕು. ಆದರೆ ಕೊಟ್ಟ ಕೀಲಿಗೆ ಅವಧಿಯಿರಬೇಕು, ಕಳವಾದರೆ ಕೂಡಲೇ ರದ್ದುಮಾಡುವ ವ್ಯವಸ್ಥೆಯೂ ಇರಬೇಕು.

ಕ್ಷಣಾರ್ಧದ ತಡವನ್ನು ಉಳಿಸಲು ಇಷ್ಟೊಂದು ಶ್ರಮವೇಕೆ ಎಂಬ ಪ್ರಶ್ನೆ ಏಳಬಹುದು. ಮಂಗಳೂರಿನ ಹೃದ್ರೋಗತಜ್ಞ ಡಾ. ಪದ್ಮನಾಭ ಕಾಮತರು 2018ರಲ್ಲಿ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಎಂಬ ಯೋಜನೆಯನ್ನು ಆರಂಭಿಸಿದರು. ಹಳ್ಳಿಯ ವೈದ್ಯರು ರೋಗಿಯ ಹೃದಯಬಡಿತದ ಇಸಿಜಿ ನಕ್ಷೆಯನ್ನು ವಾಟ್ಸ್‌ಆ್ಯಪ್ ಮೂಲಕ ಕಳುಹಿಸಿ ತಜ್ಞರ ಸಲಹೆ ಪಡೆಯುವ ದಾರಿ ಇದರಿಂದ ತೆರೆಯಿತು. ನಿಶ್ಚಲವಾದ ಒಂದು ನಕ್ಷೆಗೆ ಸೆಕೆಂಡಿನ ತಡ ಬಾಧಕವಲ್ಲ. ಆದರೆ ಚಾರ್ಮಾಡಿಯ ಬುಡದಿಂದ ರೋಗಿಯನ್ನು ಹೊತ್ತು ಬೆಳ್ತಂಗಡಿ, ಬಂಟ್ವಾಳಗಳನ್ನು ಹಾದು ಮಂಗಳೂರಿಗೆ ಧಾವಿಸುವ ವಾಹನದೊಳಗೆ ಪರಿಸ್ಥಿತಿ ಬೇರೆ. ಹೃದಯದ ಮಿಡಿತವನ್ನು ಎಡೆಬಿಡದೆ ಗಮನಿಸಬೇಕು. ದೂರದ ತಜ್ಞನ ಮಾತು ಶುಶ್ರೂಷಕನಿಗೆ ಸ್ಪಷ್ಟವಾಗಿ ಕೇಳಬೇಕು. ಸಂಭಾಷಣೆಯಲ್ಲಿ ಒಂದು ದಿಕ್ಕಿನ ತಡವು 150 ಮಿಲಿಸೆಕೆಂಡಿನೊಳಗಿರುವುದು ಲೇಸೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಸೂಚಿಸಿದೆ. ಹಾದಿಯ ಪಟ್ಟಣಗಳಲ್ಲಿ ಅಂಚಿನ ಗಣಕಗಳಿದ್ದು, ಅವು ಪರಸ್ಪರ ಗುರುತನ್ನು ಒಪ್ಪಿದರೆ, ದೂರದ ಕೇಂದ್ರದ ಸಂಪರ್ಕ ಕಡಿದರೂ ಮಿಡಿತದ ಏರುಪೇರನ್ನು ಹತ್ತಿರದ ಗಣಕವೇ ಕಂಡು ಎಚ್ಚರಿಸಬಲ್ಲದು.

ಈ ಎರಡು ಉಪಾಯಗಳಿಗೂ ಮಿತಿಯಿದೆ. ಭಾರತದಲ್ಲಿ 2022ರ ಅಕ್ಟೋಬರ್ 1ರಂದು ಐದನೆಯ ತಲೆಮಾರಿನ ಜಾಲ ಉದ್ಘಾಟನೆಗೊಂಡಿತು. ಅದಕ್ಕೆ ಎರಡು ವರ್ಷ ಮೊದಲು, 2020ರಲ್ಲಿ ಶಾಲೆಗಳು ಮುಚ್ಚಿದಾಗ, ಬೆಳ್ತಂಗಡಿಯ ಕಾಡಂಚಿನ ಊರುಗಳ ವಿದ್ಯಾರ್ಥಿಗಳು ಪಾಠ ಕೇಳಲು ಗುಡ್ಡ ಹತ್ತಿ ಅಲೆಯನ್ನು ಅರಸಬೇಕಾಯಿತು. ಅಲೆಯೇ ತಲುಪದ ಕಣಿವೆಯಲ್ಲಿ ಅಂಚಿನ ಗಣಕದಿಂದ ಪ್ರಯೋಜನವಿಲ್ಲ. ಮೊದಲು ಗೋಪುರ, ಅದಕ್ಕೆ ಮಳೆಗಾಲದಲ್ಲೂ ನಿಲ್ಲದ ವಿದ್ಯುತ್ತು, ಬಳಿಕ ಗಣಕ ಎಂಬುದೇ ಸರಿಯಾದ ಕ್ರಮ. ಲಾಭ ಹೆಚ್ಚಿರುವ ನಗರದಲ್ಲಿಯೇ ಗಣಕಗಳನ್ನು ಕೂಡಿಹಾಕಿದರೆ ಹತ್ತಿರವಿದ್ದವರು ಇನ್ನೂ ಹತ್ತಿರವಾಗುತ್ತಾರೆ, ದೂರವಿದ್ದವರು ದೂರವೇ ಉಳಿಯುತ್ತಾರೆ. ಜಾಲದ ಅಂಚು ಎಲ್ಲಿದೆಯೆಂಬುದನ್ನು ಯಂತ್ರಜ್ಞರ ನಕ್ಷೆಯೊಂದೇ ನಿರ್ಧರಿಸಿದರೆ ಸಾಲದು. ಘಟ್ಟದ ಬುಡದ ಕಟ್ಟಕಡೆಯ ಮನೆಯನ್ನೂ ಅಂಚೆಂದು ಎಣಿಸಿದಾಗಲೇ ಈ ವಿದ್ಯೆ ಸಾರ್ಥಕವಾಗುತ್ತದೆ.