ಮರಿಯಮ್ಮನಹಳ್ಳಿಯಿಂದ ಮನೋವಿಜ್ಞಾನಿಯ ಕುರ್ಚಿಗೆ: ಓದು ಎಷ್ಟು, ಲೈಸೆನ್ಸ್ ಯಾವುದು?

ಮರಿಯಮ್ಮನಹಳ್ಳಿ ಅಂದ ಕೂಡಲೇ ನಾಡಿಗೆ ನೆನಪಾಗುವುದು ರಂಗಭೂಮಿ, ಜೋಗತಿ ನೃತ್ಯ, ಮಂಜಮ್ಮ ಜೋಗತಿ. ಈ ಸೀಮೆಗೆ ಇನ್ನೊಂದು ಹೆಸರೂ ಇದೆ. ಅದು ಊರಿನವರಿಗೇ ಅಷ್ಟಾಗಿ ಗೊತ್ತಿಲ್ಲ. ಮಾನಸಿಕ ಆರೋಗ್ಯದ ಪಠ್ಯಗಳಲ್ಲಿ ‘ಬಳ್ಳಾರಿ ಮಾದರಿ’ ಎಂಬ ಮಾತು ಬರುತ್ತದೆ. ಹೊಸಪೇಟೆ, ಮರಿಯಮ್ಮನಹಳ್ಳಿಗಳೆಲ್ಲ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ಕಾಲದಲ್ಲಿ, 1985ರಿಂದ 1990ರ ವರೆಗೆ, ಬೆಂಗಳೂರಿನ ನಿಮ್ಹಾನ್ಸ್ ಇಲ್ಲೊಂದು ಪ್ರಯೋಗ ನಡೆಸಿತು. ಮನಸ್ಸಿನ ಕಾಯಿಲೆಗೆ ಬೆಂಗಳೂರಿಗೋ ಧಾರವಾಡಕ್ಕೋ ಅಲೆಯುವುದನ್ನು ತಪ್ಪಿಸಲು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಊರ ಹತ್ತಿರವೇ ಚಿಕಿತ್ಸೆ, ಗುಳಿಗೆ ಸಿಗುವಂತೆ ಮಾಡಿತು. ಅದನ್ನೇ ಮಾದರಿಯಾಗಿಟ್ಟುಕೊಂಡು ಕೇಂದ್ರ ಸರ್ಕಾರ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿತು.

ಆ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರ ಜೊತೆಗೆ ಕ್ಲಿನಿಕಲ್ ಸೈಕಾಲಜಿಸ್ಟ್‌ಗೂ ಒಂದು ಕುರ್ಚಿ ಇದೆ. ನಮ್ಮೂರಿನ ಹುಡುಗಿಯೋ ಹುಡುಗನೋ ಅಲ್ಲಿ ಕೂರಬೇಕಾದರೆ ದಾರಿ ಯಾವುದು?

ಹೆಸರುಗಳ ಗೊಂದಲ ಮೊದಲು ಬಿಡಿಸಿಕೊಳ್ಳಿ

‘ಮೆಂಟಲ್ ಡಾಕ್ಟ್ರು’ ಎಂಬ ಒಂದೇ ಮಾತಿನಲ್ಲಿ ನಾವು ನಾಲ್ಕು ವೃತ್ತಿಗಳನ್ನು ಕಟ್ಟಿಹಾಕುತ್ತೇವೆ. ಮನೋವೈದ್ಯರು, ಅಂದರೆ ಸೈಕಿಯಾಟ್ರಿಸ್ಟ್, ಎಂಬಿಬಿಎಸ್ ಮುಗಿಸಿ ಆಮೇಲೆ ಮನೋವೈದ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಓದಿದವರು. ಔಷಧಿ ಬರೆಯುವುದು ಅವರ ಕೆಲಸ. ಕ್ಲಿನಿಕಲ್ ಸೈಕಾಲಜಿಸ್ಟ್ ಔಷಧಿ ಬರೆಯುವುದಿಲ್ಲ. ಬುದ್ಧಿಮತ್ತೆ, ಕಲಿಕಾ ತೊಂದರೆ, ವ್ಯಕ್ತಿತ್ವ ಮುಂತಾದವನ್ನು ಪರೀಕ್ಷೆಗಳ ಮೂಲಕ ಅಳೆಯುತ್ತಾರೆ, ಮಾತಿನ ಮೂಲಕ ಚಿಕಿತ್ಸೆ ಕೊಡುತ್ತಾರೆ. ಮನೋಸಾಮಾಜಿಕ ಕಾರ್ಯಕರ್ತರು ಸಮಾಜಕಾರ್ಯ ಓದಿ ಬಂದವರು. ಮನೆ, ಕೆಲಸ, ಸಂಬಂಧಗಳ ಕಡೆಯಿಂದ ರೋಗಿಗೆ ನೆರವಾಗುತ್ತಾರೆ. ಆಪ್ತ ಸಮಾಲೋಚಕರು ಶಾಲೆ, ಕಾಲೇಜು, ಆಸ್ಪತ್ರೆಗಳಲ್ಲಿ ಸಲಹೆ ನೀಡುವವರು.

ಈ ಲೇಖನ ಮುಖ್ಯವಾಗಿ ಎರಡನೆಯವರ ದಾರಿಯದು. ಲೈಸೆನ್ಸಿನ ಬೇಲಿ ಗಟ್ಟಿಯಾಗಿರುವುದೂ, ಹುಡುಗರು ಎಡವುವುದೂ ಅಲ್ಲೇ.

ಮೊದಲ ಐದು ವರ್ಷ

ಪಿಯುಸಿಯಲ್ಲಿ ಸೈನ್ಸ್ ಇರಲೇಬೇಕೆಂಬುದು ತಪ್ಪು ಕಲ್ಪನೆ. ಕಲಾ ವಿಭಾಗದಿಂದಲೂ ಬರಬಹುದು. ರಾಜ್ಯದ ಪಿಯು ಮಂಡಳಿಯಲ್ಲಿ ಮನೋವಿಜ್ಞಾನ ಒಂದು ಐಚ್ಛಿಕ ವಿಷಯ. ಅದು ಹತ್ತಿರದ ಕಾಲೇಜಿನಲ್ಲಿ ಇಲ್ಲದಿದ್ದರೂ ದಾರಿ ಮುಚ್ಚುವುದಿಲ್ಲ.

ನಿಜವಾದ ಆಯ್ಕೆ ಡಿಗ್ರಿಯಲ್ಲಿ. ಮನೋವಿಜ್ಞಾನವಿರುವ ಬಿಎ ಅಥವಾ ಬಿಎಸ್ಸಿ ಸೇರಿ. ಕರ್ನಾಟಕದಲ್ಲಿ 2024-25ರಿಂದ ಡಿಗ್ರಿ ಮತ್ತೆ 3 ವರ್ಷಕ್ಕೆ ಬಂದಿದೆ. ಆಮೇಲೆ 2 ವರ್ಷದ ಎಂಎ ಅಥವಾ ಎಂಎಸ್ಸಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲೇ ಮನೋವಿಜ್ಞಾನ ವಿಭಾಗ ಶುರುವಾಗಿತ್ತು. ಮನೆಯಲ್ಲೇ ರೇಡಿಯೊ ಕೇಂದ್ರ ಕಟ್ಟಿ ‘ಆಕಾಶವಾಣಿ’ ಎಂಬ ಹೆಸರನ್ನು ಬಳಕೆಗೆ ತಂದ ಎಂ.ವಿ. ಗೋಪಾಲಸ್ವಾಮಿ ಅಲ್ಲಿನ ಮನೋವಿಜ್ಞಾನದ ಪ್ರಾಧ್ಯಾಪಕರೇ. ಅಂದರೆ ಈ ವಿಷಯ ಕನ್ನಡನಾಡಿಗೆ ಹೊಸದಲ್ಲ. ನಮ್ಮ ಭಾಗದವರಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಅನುಕೂಲ. ಹೊಸಪೇಟೆಯಲ್ಲಿ ರೈಲು ಹತ್ತಿದರೆ ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ ಧಾರವಾಡ.

ಎಂಎ ಅಂಕಗಳ ಬಗ್ಗೆ ಉದಾಸೀನ ಬೇಡ. ಮುಂದಿನ ಎಂಫಿಲ್ ಬಾಗಿಲಲ್ಲಿ ಸಾಮಾನ್ಯ ವರ್ಗದವರಿಗೆ ಕೇಳುತ್ತಿದ್ದದ್ದು ಶೇ 55. ಪಾಸಾದರೆ ಸಾಕು ಎಂದು ಓದಿದವರು ಅಲ್ಲಿಂದಲೇ ವಾಪಸಾಗಿದ್ದಾರೆ.

ಕೊನೆಯ ಎರಡು ವರ್ಷ

ಎಂಎ ಸರ್ಟಿಫಿಕೇಟ್ ಕೈಗೆ ಬಂದ ದಿನ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕುವಂತಿಲ್ಲ. 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆಯ ಪ್ರಕಾರ ಪರಿಷತ್ತು, ಅಂದರೆ ಆರ್‌ಸಿಐ, ಮಾನ್ಯ ಮಾಡಿದ ಕೋರ್ಸ್ ಮುಗಿಸಿ ಅದರ ಕೇಂದ್ರೀಯ ಪುನರ್ವಸತಿ ರಿಜಿಸ್ಟರಿನಲ್ಲಿ ಹೆಸರು ಬರೆಸಬೇಕು. ನೋಂದಣಿಯಿಲ್ಲದೆ ವೃತ್ತಿ ನಡೆಸಿದರೆ ಒಂದು ವರ್ಷದ ವರೆಗೆ ಜೈಲು, ಇಲ್ಲವೇ 1,000 ರೂಪಾಯಿ ವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಇಷ್ಟು ವರ್ಷ ಆ ಕೋರ್ಸ್ ಎಂದರೆ ಕ್ಲಿನಿಕಲ್ ಸೈಕಾಲಜಿಯಲ್ಲಿ 2 ವರ್ಷದ ಪೂರ್ಣಾವಧಿ ಎಂಫಿಲ್. ಇದು ಕೂತು ಓದುವ ಡಿಗ್ರಿಯಲ್ಲ. ಬೆಳಿಗ್ಗೆ ಹೊರರೋಗಿ ವಿಭಾಗ, ಮಧ್ಯಾಹ್ನ ವಾರ್ಡು, ನಡುವೆ ಕೇಸ್ ಬರೆಯುವುದು. ಬರೆದದ್ದನ್ನು ಹಿರಿಯರು ಸಾಲು ಸಾಲಾಗಿ ತಿದ್ದುತ್ತಾರೆ. ಗರಡಿಯಲ್ಲಿ ಉಸ್ತಾದರ ಕಣ್ಣೆದುರೇ ಪಟ್ಟು ಕಲಿಯುವ ಹಾಗೆ ಇಲ್ಲಿನ ಕಲಿಕೆ. ನಿಮ್ಹಾನ್ಸ್‌ನಲ್ಲಿ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಈ ತರಬೇತಿ ಬೆಳೆದಿದೆ. ಸೀಟು ಕಡಿಮೆ, ಪ್ರವೇಶ ಪರೀಕ್ಷೆ ಬಿಗಿ. ಮೊದಲ ಸಲ ಸಿಗದಿದ್ದರೆ ಎದೆಗುಂದಬೇಕಿಲ್ಲ.

ಈಗ ಒಂದು ಬದಲಾವಣೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, ದೇಶದಲ್ಲಿ ಎಂಫಿಲ್ ಪದವಿಯನ್ನೇ ನಿಲ್ಲಿಸಿದೆ. ಕ್ಲಿನಿಕಲ್ ಸೈಕಾಲಜಿ, ಮನೋಸಾಮಾಜಿಕ ಕಾರ್ಯಗಳಿಗೆ ಮಾತ್ರ ರಿಯಾಯಿತಿ ಕೊಟ್ಟು 2025-26ರ ಸಾಲಿನ ವರೆಗೆ ಪ್ರವೇಶಕ್ಕೆ ಅವಕಾಶ ಇಟ್ಟಿತು. ಇದಕ್ಕೆ ಬದಲಾಗಿ ಆರ್‌ಸಿಐ 4 ವರ್ಷದ ಬಿಎಸ್ಸಿ ಆನರ್ಸ್, 2 ವರ್ಷದ ಎಂಎ ಕ್ಲಿನಿಕಲ್ ಸೈಕಾಲಜಿಯಂಥ ಹೊಸ ಕೋರ್ಸುಗಳನ್ನು ರೂಪಿಸಿದೆ. ಹಾಗಾಗಿ ಅಣ್ಣ ಓದಿದ ದಾರಿಯಲ್ಲೇ ತಮ್ಮನೂ ಹೋಗುತ್ತಾನೆ ಎಂದು ಲೆಕ್ಕ ಹಾಕಬೇಡಿ. ಹೊಸ ಕೋರ್ಸು ಯಾವುದೇ ಇರಲಿ, ನೀವು ಸೇರುವ ವರ್ಷಕ್ಕೆ ಆ ಕಾಲೇಜಿನ ಆ ಕೋರ್ಸಿಗೆ ಆರ್‌ಸಿಐ ಮಾನ್ಯತೆ ಇದೆಯೇ ಎಂದು ಪರಿಷತ್ತಿನ ಪಟ್ಟಿಯಲ್ಲೇ ನೋಡಿ.

ರಿಜಿಸ್ಟರಿಗೆ ಹೆಸರು ಸೇರಿದ ಮೇಲೂ ಓದು ಮುಗಿಯುವುದಿಲ್ಲ. ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲೂ ನೋಂದಾಯಿಸಿಕೊಳ್ಳಬೇಕು.

ಉಳಿದ ಮನೋವಿಜ್ಞಾನಿಗಳಿಗೆ?

ಕ್ಲಿನಿಕಲ್ ಅಲ್ಲದ ಮನೋವಿಜ್ಞಾನಿಗಳು, ಆಪ್ತ ಸಮಾಲೋಚಕರು ಬಹುಕಾಲ ಯಾವ ರಿಜಿಸ್ಟರಿಗೂ ಸೇರದೆ ಉಳಿದಿದ್ದರು. 2021ರ ರಾಷ್ಟ್ರೀಯ ಅಲೈಡ್ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ಆಯೋಗದ ಕಾಯ್ದೆ ಅವರನ್ನು ತನ್ನ ಪಟ್ಟಿಗೆ ಸೇರಿಸಿತು. ಈ ಕಾಯ್ದೆಯ ಪ್ರಕಾರ ಆರೋಗ್ಯ ವೃತ್ತಿಪರ ಎನಿಸಿಕೊಳ್ಳಲು 3ರಿಂದ 6 ವರ್ಷಗಳಲ್ಲಿ ಕನಿಷ್ಠ 3,600 ಗಂಟೆಗಳ ಶಿಕ್ಷಣ ಬೇಕು.

ಇದರ ಬಿಸಿ ಹಳ್ಳಿಯ ಓದುಗರಿಗೆ ಬೇಗ ತಟ್ಟಿದೆ. ಕೆಲಸ ಮಾಡುತ್ತಲೇ ದೂರಶಿಕ್ಷಣದಲ್ಲಿ ಮನೋವಿಜ್ಞಾನ ಎಂಎ ಮಾಡುವುದು ಇಲ್ಲಿ ಅನೇಕರ ಕನಸಾಗಿತ್ತು. ಈ ಕಾಯ್ದೆಯಡಿ ಬರುವ ಮನೋವಿಜ್ಞಾನ ಕೋರ್ಸುಗಳನ್ನು 2025ರ ಜುಲೈ-ಆಗಸ್ಟ್ ಸಾಲಿನಿಂದ ದೂರಶಿಕ್ಷಣ, ಆನ್‌ಲೈನ್ ಮೂಲಕ ನಡೆಸಬಾರದೆಂದು ಯುಜಿಸಿ ಹೇಳಿದೆ. ಹೊಸದಾಗಿ ಸೇರುವವರು ತರಗತಿಗೆ ಹೋಗಿಯೇ ಓದಬೇಕು.

ಪಿಎಚ್‌ಡಿ ಬಗ್ಗೆಯೂ ಒಂದು ಮಾತು. ಅದು ಸಂಶೋಧನೆಗೆ, ಪಾಠ ಹೇಳುವುದಕ್ಕೆ. ಹೆಸರಿನ ಮುಂದೆ ‘ಡಾ.’ ಬಂದ ಮಾತ್ರಕ್ಕೆ ಚಿಕಿತ್ಸೆಯ ಲೈಸೆನ್ಸ್ ಬರುವುದಿಲ್ಲ. ವಾರಾಂತ್ಯದ ಡಿಪ್ಲೊಮಾ ಪ್ರಮಾಣಪತ್ರವಂತೂ ಗೋಡೆಗೆ ಹಾಕಲು ಚೆನ್ನಾಗಿರುತ್ತದೆ, ಅಷ್ಟೇ.

ಊರಿನ ಮಾತೇ ಬಂಡವಾಳ

ಲೆಕ್ಕ ಹಾಕಿದರೆ ಹಳೆಯ ದಾರಿಯಲ್ಲಿ ಪಿಯುಸಿ ಆದ ಮೇಲೆ 3+2+2, ಒಟ್ಟು 7 ವರ್ಷ. ಪುಸ್ತಕ, ಪ್ರವೇಶ ಪರೀಕ್ಷೆಗಳೆಲ್ಲ ಬಹುಪಾಲು ಇಂಗ್ಲಿಷಿನಲ್ಲೇ. ಕನ್ನಡ ಮಾಧ್ಯಮದವರು ಡಿಗ್ರಿಯ ಮೊದಲ ವರ್ಷದಿಂದಲೇ ಇಂಗ್ಲಿಷ್ ಪಠ್ಯ ಓದುವ ರೂಢಿ ಮಾಡಿಕೊಳ್ಳಬೇಕು.

ಆದರೆ ರೋಗಿ ಇಂಗ್ಲಿಷಿನಲ್ಲಿ ಬರುವುದಿಲ್ಲ. ‘ಎದಿ ಡವಡವ ಅಂತೈತ್ರಿ’, ‘ಜೀವಕ್ಕ ಬ್ಯಾಸರ ಆಗೈತಿ’, ‘ಗಾಳಿ ಸೋಕೈತಿ’ ಎನ್ನುತ್ತಾ ಬರುತ್ತಾರೆ. ಒಂದರ ಹಿಂದೆ ಆತಂಕ ಇರಬಹುದು, ಇನ್ನೊಂದರ ಹಿಂದೆ ಖಿನ್ನತೆ. ಅನುವಾದಕರಿಲ್ಲದೆ ಆ ಮಾತಿನ ಏರಿಳಿತ ಹಿಡಿಯಬಲ್ಲವರು ಸಂಡೂರಿನ, ಕಂಪ್ಲಿಯ, ಮರಿಯಮ್ಮನಹಳ್ಳಿಯ ಮಕ್ಕಳು. ಆ ಕಿವಿಯನ್ನು ಯಾವ ಕೋರ್ಸೂ ಕಲಿಸಲಾರದು. ಲೈಸೆನ್ಸನ್ನು ಮಾತ್ರ ಸರಿಯಾದ ಕೋರ್ಸ್ ಕೊಡುತ್ತದೆ.

ಆದ್ದರಿಂದ ಮಕ್ಕಳನ್ನು ಕರೆದುಕೊಂಡು ಕಾಲೇಜಿಗೆ ಹೋಗುವ ತಂದೆತಾಯಂದಿರು ‘ಫೀಸು ಎಷ್ಟು’ ಎನ್ನುವ ಮೊದಲು ಇನ್ನೊಂದು ಪ್ರಶ್ನೆ ಕೇಳಿ: ‘ಈ ಕೋರ್ಸ್ ಮುಗಿಸಿದವರ ಹೆಸರು ಯಾವ ರಿಜಿಸ್ಟರಿಗೆ ಸೇರುತ್ತದೆ?’ ಉತ್ತರ ತಡವರಿಸಿದರೆ ಮುಂದಿನ ಕಾಲೇಜಿಗೆ ನಡೆಯಿರಿ.