ಗೂಡು ಬಿಟ್ಟ ಮರಿ

ಹಕ್ಕಿಗೆ ‘ದ್ವಿಜ’ ಎಂಬ ಹೆಸರನ್ನು ಇಟ್ಟವರು ಸೂಕ್ಷ್ಮವಾಗಿ ನೋಡಿದವರೇ ಇರಬೇಕು. ತತ್ತಿಯಾಗಿ ಒಮ್ಮೆ, ತತ್ತಿಯನ್ನೊಡೆದು ಮತ್ತೊಮ್ಮೆ, ಹೀಗೆ ಎರಡು ಸಲ ಹುಟ್ಟುವ ಜೀವ ಅದು. ಆದರೆ ಬೇಸಗೆಯ ದಿನಗಳಲ್ಲಿ ನಮ್ಮ ಊರುಗಳ ಸಾಲುಮರಗಳ ಕೆಳಗೆ ಸ್ವಲ್ಪ ಹೊತ್ತು ನಿಂತವರಿಗೆ ಈ ಲೆಕ್ಕ ಇನ್ನೂ ಮುಗಿದಿಲ್ಲವೆಂದು ತೋರುತ್ತದೆ. ಗೂಡನ್ನು ತೊರೆದು ಹೊರಗಿನ ಲೋಕಕ್ಕೆ ಇಳಿಯುವುದು ಹಕ್ಕಿಯ ಮೂರನೆಯ ಹುಟ್ಟು. ಮೂರರಲ್ಲಿಯೂ ಇದೇ ಅತ್ಯಂತ ಅಪಾಯದ್ದು. ಮೊದಲಿನ ಎರಡಕ್ಕೆ ತಾಯಿಯ ಮೈಬಿಸಿಯ ಆಸರೆಯುಂಟು. ಮೂರನೆಯದಕ್ಕೆ ಎದುರಾಗುವವರು ಬೆಕ್ಕು, ನಾಯಿ, ಮೋಟಾರು ಗಾಡಿ, ಇವುಗಳ ಜೊತೆಗೆ ಕರುಣಾಳುವಾದ ಮನುಷ್ಯ.

ಕರುಣಾಳುವನ್ನು ಈ ಪಟ್ಟಿಯಲ್ಲಿ ಸೇರಿಸಿದುದಕ್ಕೆ ವಾಚಕರು ಬೇಸರಪಡಬಾರದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಸಾಯಂಕಾಲ ಗಾಳಿಮಳೆಯಾದ ಮರುದಿನ ಎಷ್ಟು ಮನೆಗಳಲ್ಲಿ ಈ ದೃಶ್ಯ ನಡೆಯುವುದಿಲ್ಲ! ಮಕ್ಕಳು ಮರದಡಿಯಿಂದ ಒಂದು ಹಕ್ಕಿಮರಿಯನ್ನು ಎತ್ತಿ ತರುತ್ತಾರೆ. ಪಾದರಕ್ಷೆಯ ಹಳೆಯ ರಟ್ಟಿನ ಪೆಟ್ಟಿಗೆಯೊಂದು ಹೊರಬರುತ್ತದೆ. ಅದಕ್ಕೆ ಹತ್ತಿಯ ಹಾಸಿಗೆ. ಹಾಲಿನಲ್ಲಿ ನೆನೆಸಿದ ಬ್ರೆಡ್ಡು, ಅನ್ನದ ಅಗುಳು, ಚಮಚದಲ್ಲಿ ನೀರು. ಮನೆಮಂದಿಯೆಲ್ಲ ಸುತ್ತ ಕುಳಿತು ನೋಡುವುದೇ ನೋಡುವುದು. ಎರಡನೆಯ ದಿನವೋ ಮೂರನೆಯ ದಿನವೋ ಮರಿ ಕತ್ತು ಚೆಲ್ಲುತ್ತದೆ. ದಾಸವಾಳದ ಗಿಡದ ಬುಡದಲ್ಲಿ ಒಂದು ಸಣ್ಣ ಗುಣಿ, ಮೇಲೊಂದು ಹೂವು. ಆ ಮಕ್ಕಳ ಕಣ್ಣೀರು ನಿಜವಾದದ್ದು. ಆದರೆ ಹೀಗೆ ತಂದ ಮರಿಗಳಲ್ಲಿ ಬಹುಪಾಲು ಅನಾಥವಾಗಿರಲಿಲ್ಲ. ಅವಕ್ಕೆ ತಾಯಿಯಿದ್ದಳು, ತಂದೆಯೂ ಇದ್ದನು. ಇಬ್ಬರೂ ಹತ್ತು ಮಾರು ದೂರದ ಕೊಂಬೆಯಲ್ಲಿ ಕೂತು, ಬಾಯಲ್ಲಿ ಹುಳು ಹಿಡಿದುಕೊಂಡು, ಈ ಮನುಷ್ಯರು ಯಾವಾಗ ತೊಲಗುವರೆಂದು ಕಾಯುತ್ತಿದ್ದರು.

ಕನ್ನಡದಲ್ಲಿ ನಾವು ಎಲ್ಲಕ್ಕೂ ‘ಮರಿ’ ಎಂಬ ಒಂದೇ ಮಾತನ್ನು ಬಳಸುತ್ತೇವೆ. ಮಾತು ಒಂದಾದರೂ ಇಲ್ಲಿ ವಸ್ತುಗಳು ಎರಡು. ಒಂದು, ಗೂಡಿನ ಮರಿ. ಮೈ ಬರಿಯ ಚರ್ಮ. ಕಣ್ಣು ಮುಚ್ಚಿರುತ್ತದೆ, ಇಲ್ಲವೆ ಆಗತಾನೆ ತೆರೆದಿರುತ್ತದೆ. ಗರಿಗಳು ಬಂದಿದ್ದರೂ ಇನ್ನೂ ಒರೆಯೊಳಗೆ ಮುಳ್ಳಿನಂತೆ ನಿಂತಿರುತ್ತವೆ. ಕಾಲ ಮೇಲೆ ನಿಲ್ಲಲಾರದು. ಇಂಥದು ನೆಲದ ಮೇಲೆ ಸಿಕ್ಕಿದರೆ ಅದು ಬಿದ್ದದ್ದೇ ಸರಿ. ಅದಕ್ಕೆ ನೆರವು ಬೇಕು. ಇನ್ನೊಂದು, ಗೂಡು ಬಿಟ್ಟ ಮರಿ. ಮೈತುಂಬ ಪುಕ್ಕ, ಮೊಂಡು ಬಾಲ, ಕೊಕ್ಕಿನ ಎರಡು ಅಂಚುಗಳಲ್ಲೂ ಇನ್ನೂ ಮಾಯದ ಹಳದಿ. ಕುಪ್ಪಳಿಸುತ್ತದೆ, ರೆಕ್ಕೆ ಬಡಿಯುತ್ತದೆ, ಬೆರಳೊಡ್ಡಿದರೆ ಬಿಗಿಯಾಗಿ ಹಿಡಿದು ಕೂರುತ್ತದೆ. ಹಾರಲು ಮಾತ್ರ ಬಾರದು. ಇದು ಬಿದ್ದದ್ದಲ್ಲ, ಇಳಿದದ್ದು. ಪಿಕಳಾರದ ಮರಿ ತತ್ತಿಯೊಡೆದ ಎರಡು ವಾರಗಳೊಳಗಾಗಿ ಗೂಡನ್ನು ಬಿಡುತ್ತದೆ. ಆಗ ಅದರ ಹಾರಾಟ ಒಂದು ಬೇಲಿಯಿಂದ ಇನ್ನೊಂದು ಬೇಲಿಗೆ, ಅದೂ ಕಷ್ಟದಿಂದ. ಹಾರಲು ಬರುವವರೆಗೆ ಗೂಡಿನಲ್ಲಿಯೇ ಇರಬಾರದೆ ಎಂದು ಕೇಳಬಹುದು. ಮೂರು ಬಾಯಿಗಳು ಹಗಲೆಲ್ಲ ಚೀರುವ ಗೂಡು ಹಾವಿಗೂ ಕೆಂಬೂತಕ್ಕೂ ಕರೆಯೋಲೆಯಿದ್ದಂತೆ. ಬೇಲಿಗೊಂದು ಪೊದೆಗೊಂದು ಚದುರಿದರೆ ಒಂದು ಹೋದರೂ ಇನ್ನೊಂದು ಉಳಿದೀತು. ಹೀಗೆ ಚದುರಿದ ಮರಿಗಳನ್ನು ಕೂಗಿನಿಂದ ಗುರುತಿಸಿ, ಒಂದೊಂದಕ್ಕೂ ಗುಟುಕು ಕೊಡುತ್ತ, ತಂದೆತಾಯಿಗಳು ಇನ್ನೂ ಹಲವು ದಿನ ಓಡಾಡುತ್ತಿರುತ್ತವೆ.

ಒಂದು ವರ್ಷ ಪರೀಕ್ಷೆಗಳು ನಡೆಯುತ್ತಿದ್ದ ದಿನಗಳಲ್ಲಿ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಗೆ ಇಬ್ಬರು ಹುಡುಗರು ಕರವಸ್ತ್ರದಲ್ಲಿ ಒಂದು ಕರಿಯ ಮರಿಯನ್ನು ಸುತ್ತಿ ತಂದರು. “ಸಾರ್, ಇದಕ್ಕೆ ಪಾಪ ಯಾರೂ ಇಲ್ಲ” ಎಂದನು ಒಬ್ಬ. ಕಿಟಕಿಯ ಸರಳುಗಳ ಮೇಲೆ ಎರಡು ಕಾಗೆಗಳು ಕೊಠಡಿಯೇ ಹಾರಿಹೋಗುವಂತೆ ಅರಚುತ್ತಿದ್ದುವು. “ಯಾರೂ ಇಲ್ಲದಿದ್ದರೆ ಇವರು ಯಾರಪ್ಪ?” ಎಂದು ಕೇಳಿದೆನು. ಆಗ ಇನ್ನೊಬ್ಬನು ತಲೆ ಮುಟ್ಟಿಕೊಂಡು, “ಇವೇ ಸಾರ್ ನನ್ನ ತಲೆಗೆ ಕುಕ್ಕಿದ್ದು” ಎಂದನು. ಅವನ ಮುಖದಲ್ಲಿ ನೋವಿಗಿಂತ ಹೆಚ್ಚಾಗಿ ಭಯವಿತ್ತು. ಬಾಗಿಲಲ್ಲಿದ್ದ ಜವಾನ, ಕಾಗೆ ತಲೆ ಮುಟ್ಟಿದರೆ ಸ್ನಾನ ಮಾಡದೆ ಯಾವ ಕೆಲಸಕ್ಕೂ ಕೈಹಾಕಬಾರದೆಂದು ಆಗಲೇ ಹೇಳಿಬಿಟ್ಟಿದ್ದನು. ಹುಡುಗನಿಗೆ ಮಧ್ಯಾಹ್ನ ಎರಡು ಗಂಟೆಗೆ ಪರೀಕ್ಷೆ!

ಸಂಸ್ಕೃತದಲ್ಲಿ ‘ಶಕುನ’ವೆಂದರೆ ಹಕ್ಕಿ. ಹಕ್ಕಿಯ ಹಾರಾಟ, ಕೂಗುಗಳಿಂದ ಮುಂದಾಗುವುದನ್ನು ಊಹಿಸುವ ಪದ್ಧತಿ ಬೆಳೆದ ಮೇಲೆ ಆ ಊಹೆಗೂ ಅದೇ ಹೆಸರಾಯಿತು. ಕನ್ನಡಕ್ಕೆ ಬರುವ ಹೊತ್ತಿಗೆ ಹಕ್ಕಿ ಹಾರಿಹೋಗಿ ಊಹೆ ಮಾತ್ರ ಉಳಿದುಕೊಂಡಿತು. ಆ ಹುಡುಗನ ತಲೆಯ ಮೇಲೆ ಎರಗಿದ್ದು ಅಪಶಕುನವಲ್ಲ, ಬರಿಯ ಶಕುನ. ತನ್ನ ಮರಿಯನ್ನು ಕೇಳಲು ಬಂದ ಹಕ್ಕಿ. ಮರಿಯನ್ನು ಅದು ಸಿಕ್ಕಿದ್ದ ಹೊಂಗೆಯ ಮರದ ತಗ್ಗಿನ ಕೊಂಬೆಯ ಮೇಲೆ ಕೂರಿಸಿ, ನಾವೆಲ್ಲ ಮೊಗಸಾಲೆಯ ಕಂಬಗಳ ಮರೆಗೆ ಬಂದೆವು. ಇಪ್ಪತ್ತು ನಿಮಿಷವಾಗಿರಬಹುದು. ಒಂದು ಕಾಗೆ ಸುತ್ತಲೂ ನೋಡಿ, ಕೊಂಬೆಗಿಳಿದು, ತನ್ನ ಕೊಕ್ಕನ್ನು ಮರಿಯ ಗಂಟಲಿನೊಳಕ್ಕೆ ಇಳಿಸಿತು. ಹುಡುಗರು ಪರೀಕ್ಷೆಗೆ ಹೋದರು.

ಅದು ಕಾಗೆಯ ಮರಿಯೋ ಕೋಗಿಲೆಯ ಮರಿಯೋ ಎಂಬ ಚರ್ಚೆ ಆಮೇಲೆ ನಮ್ಮ ಕೊಠಡಿಯಲ್ಲಿ ಸಂಜೆಯವರೆಗೆ ನಡೆಯಿತು. ಕಾಗೆಯ ಗೂಡಿನಲ್ಲಿ ತತ್ತಿಯಿಟ್ಟು ಹೋಗುವುದು ಕೋಗಿಲೆಯ ಪದ್ಧತಿಯಾದ್ದರಿಂದ ಸಂಶಯಕ್ಕೆ ಆಸ್ಪದವಿದ್ದೇ ಇತ್ತು. ನಮ್ಮ ಕವಿಗಳು ಕೋಗಿಲೆಯನ್ನು ‘ಪರಭೃತ’, ‘ಪರಪುಷ್ಟ’ ಎಂದು ಕರೆದು ಈ ಸಂಗತಿಯನ್ನು ಬಲು ಹಿಂದೆಯೇ ದಾಖಲೆ ಮಾಡಿದ್ದಾರೆ. ಆದರೆ ಹಾಡಿದವಳಿಗೆ ಸಂದ ಹೊಗಳಿಕೆಯಲ್ಲಿ ಸಾಕಿದವಳಿಗೆ ಪಾಲು ಬಂದದ್ದು ಕಡಿಮೆ. ಕಾಳಿದಾಸನ ನಾಟಕದ ಐದನೆಯ ಅಂಕದಲ್ಲಿ ದುಷ್ಯಂತನು ಶಕುಂತಲೆಯನ್ನು ಹಂಗಿಸುವಾಗ ಈ ಕೋಗಿಲೆಯ ದೃಷ್ಟಾಂತವನ್ನೇ ಎತ್ತುತ್ತಾನೆ. ಯಾರ ಎದುರಿಗೆ? ಕಾಡಿನಲ್ಲಿ ತೊರೆದುಹೋದ ಶಿಶುವಾಗಿದ್ದಾಗ ಶಕುಂತಗಳು, ಎಂದರೆ ಹಕ್ಕಿಗಳು, ಸುತ್ತುವರಿದು ಕಾಪಾಡಿದುದರಿಂದ ಆ ಹೆಸರನ್ನು ಪಡೆದವಳ ಎದುರಿಗೆ. ಮರಿಯನ್ನು ಕಂಡವನು ಏನು ಮಾಡಬೇಕೆಂಬ ನಮ್ಮ ಪ್ರಶ್ನೆಗೆ ಮಾತ್ರ ಈ ಕುಲವಿಚಾರದಿಂದ ಬಾಧೆಯಿಲ್ಲ. ಕೋಗಿಲೆಯ ಮರಿಯಾದರೂ ಅದಕ್ಕೆ ಉಣಿಸುವುದು ಕಾಗೆಯೇ. ಗುಟುಕು ಕೊಡುವವರ ಕಣ್ಣಳತೆಯಲ್ಲಿ ಅದನ್ನು ಬಿಟ್ಟರಾಯಿತು.

ಹಾಗೆ ಬಿಡಲು ಜನ ಹಿಂಜರಿಯುವುದಕ್ಕೆ ಒಂದು ಹಳೆಯ ನಂಬಿಕೆ ಕಾರಣ. ಮನುಷ್ಯರು ಮುಟ್ಟಿದ ಮರಿಯನ್ನು ಹಕ್ಕಿಗಳು ಮತ್ತೆ ಸೇರಿಸಿಕೊಳ್ಳುವುದಿಲ್ಲ; ಮುಟ್ಟಿದ ಗುಬ್ಬಿಯನ್ನು ಉಳಿದ ಗುಬ್ಬಿಗಳು ಕುಲದಿಂದ ಹೊರಹಾಕಿ ಕುಕ್ಕಿ ಕೊಲ್ಲುತ್ತವೆ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಗೂಡಿಗೆ ಕೈಹಾಕುವ ತುಂಟ ಹುಡುಗರನ್ನು ತಡೆಯಲು ಈ ಮಾತು ಉಪಯೋಗಕ್ಕೆ ಬಂದಿರಬಹುದು. ಆದರೆ ಮಾತು ಸುಳ್ಳು. ಹಕ್ಕಿಗಳು ಮರಿಯನ್ನು ಗುರುತಿಸುವುದು ಮುಖ್ಯವಾಗಿ ಕಣ್ಣಿನಿಂದ, ಕಿವಿಯಿಂದ, ಗೂಡಿರುವ ಜಾಗದಿಂದ. ನಮ್ಮ ಬೆರಳಿನ ವಾಸನೆಗಾಗಿ ಅವು ಮರಿಯನ್ನು ತೊರೆಯುವುದಿಲ್ಲ. ಮುಟ್ಟಿದರೆ ಮೈಲಿಗೆ, ಮೈಲಿಗೆಯಾದವನಿಗೆ ಬಹಿಷ್ಕಾರ ಎಂಬುದು ನಮ್ಮ ಕೇರಿಗಳಲ್ಲಿ ಹುಟ್ಟಿದ ಶಾಸ್ತ್ರ. ಅದನ್ನು ಗುಬ್ಬಿಯ ಮೇಲೆ ಹೊರಿಸಿದವರು ತಮ್ಮ ಮನೆಯ ಕನ್ನಡಿಯನ್ನೇ ಸೂರಿನಡಿ ತೂಗುಹಾಕಿದಂತಾಯಿತು.

ಆದ್ದರಿಂದ ಗೂಡಿನ ಮರಿ ಸಿಕ್ಕಿದರೆ, ಗೂಡು ಕೈಗೆಟಕುವಂತಿದ್ದರೆ, ಅದರೊಳಗೆ ಮರಳಿ ಇಡುವುದೇ ಸರಿಯಾದ ಉಪಚಾರ. ಮೈ ತಣ್ಣಗಿದ್ದರೆ ಅಂಗೈಗಳ ನಡುವೆ ಹಿಡಿದು ಮೊದಲು ಬೆಚ್ಚಗೆ ಮಾಡಬೇಕು. ತಣ್ಣಗಾದ ಮರಿ ಬಾಯಿ ತೆರೆಯದು, ಬಾಯಿ ತೆರೆಯದ ಮರಿಗೆ ತಾಯಿ ಉಣಿಸಳು. ಗಾಳಿಗೆ ಗೂಡೇ ಹರಿದು ಬಿದ್ದಿದ್ದರೆ ಒಂದು ಸಣ್ಣ ಬಿದಿರು ಬುಟ್ಟಿಗೆ ಒಣಹುಲ್ಲು ಹಾಸಿ, ಮಳೆಯ ನೀರು ಇಳಿದುಹೋಗುವಂತಿರುವುದನ್ನು ನೋಡಿಕೊಂಡು, ಅದೇ ಮರದಲ್ಲಿ ಹಳೆಯ ಗೂಡಿಗೆ ಹತ್ತಿರವಾಗಿ ಬಿಗಿಯಾಗಿ ಕಟ್ಟಬಹುದು. ಆಮೇಲೆ ನಾವು ದೂರ ಸರಿಯಬೇಕು. ಇದು ಬಹಳ ಕಷ್ಟದ ಭಾಗ. ಐದು ನಿಮಿಷಕ್ಕೊಮ್ಮೆ ಹೋಗಿ ಇಣುಕುವವನಿರುವ ತನಕ ಯಾವ ಹಕ್ಕಿಯೂ ಹತ್ತಿರ ಬಾರದು. ಗೂಡು ಬಿಟ್ಟ ಮರಿಯಾದರೆ ಇಷ್ಟೂ ಬೇಡ. ರಸ್ತೆಯ ಮಧ್ಯದಲ್ಲಿದ್ದರೆ ಹತ್ತಿರದ ಪೊದೆಗೆ ಸೇರಿಸಿ, ಮನೆಯ ಬೆಕ್ಕನ್ನು ನಾಲ್ಕು ದಿನ ಒಳಗೆ ಕೂಡಿಹಾಕಿದರೆ ಮುಗಿಯಿತು.

ಹೊಲದ ಹಕ್ಕಿಗಳ ವಿಚಾರವೇ ಬೇರೆ. ಪಂಚತಂತ್ರದಲ್ಲಿ ಸಮುದ್ರಕ್ಕೇ ಸವಾಲು ಹಾಕಿದ ಟಿಟ್ಟಿಭವನ್ನು ಎಲ್ಲರೂ ಬಲ್ಲರು. ನೆಲದ ಮೇಲೆಯೇ ತತ್ತಿಯಿಡುವ ಈ ಹಕ್ಕಿಯ ಮರಿ ಹುಟ್ಟಿದ ಕೆಲವು ಗಂಟೆಗಳಲ್ಲಿ ಎದ್ದು ಓಡಾಡುತ್ತದೆ, ತನ್ನ ಆಹಾರವನ್ನು ತಾನೇ ಹುಡುಕಿ ತಿನ್ನುತ್ತದೆ. ಅಪಾಯದ ಕೂಗು ಕೇಳಿದೊಡನೆ ಅದು ನೆಲಕ್ಕೊತ್ತಿಕೊಂಡು ಹೆಂಟೆಯಂತೆ ಅಲುಗದೆ ಬಿದ್ದಿರುತ್ತದೆ. ಅದನ್ನು ಕಂಡ ದಾರಿಹೋಕನು ರೋಗದ ಮರಿಯೆಂದು ಎತ್ತಿಕೊಳ್ಳುತ್ತಾನೆ. ನೆತ್ತಿಯ ಮೇಲೆ ತಂದೆತಾಯಿಗಳು ಬಾಯಿಬಡಿದುಕೊಳ್ಳುತ್ತಿರುತ್ತವೆ.

ಹಾಗಾದರೆ ಯಾವ ಮರಿಯನ್ನೂ ಮನೆಗೆ ತರಬಾರದೆ? ತರಬೇಕಾದ ಸಂದರ್ಭಗಳುಂಟು. ರೆಕ್ಕೆಯೋ ಕಾಲೋ ಮುರಿದಿದ್ದರೆ, ರಕ್ತ ಸುರಿಯುತ್ತಿದ್ದರೆ, ತಂದೆತಾಯಿಗಳು ಸತ್ತದ್ದು ಖಚಿತವಾದರೆ, ಬೆಕ್ಕು ಬಾಯಿ ಹಾಕಿದ್ದರೆ. ಬೆಕ್ಕಿನ ಹಲ್ಲಿನ ಗಾಯ ಪುಕ್ಕದ ಕೆಳಗೆ ಕಣ್ಣಿಗೆ ಬೀಳದಿದ್ದರೂ ಅದರ ಜೊಲ್ಲಿನ ರೋಗಾಣುಗಳು ಒಂದೆರಡು ದಿನಗಳಲ್ಲಿ ಮರಿಯನ್ನು ಕೊಲ್ಲಬಲ್ಲವು. ವೈದ್ಯರ ಔಷಧ ಬೇಕೇಬೇಕು. ಇಂಥ ಮರಿಯನ್ನು ಗಾಳಿಯಾಡಲು ತೂತುಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿ ಮೆತ್ತನೆಯ ಬಟ್ಟೆಯ ಮೇಲಿಟ್ಟು, ಮುಚ್ಚಿ, ಕತ್ತಲೆ ಮತ್ತು ನಿಶ್ಶಬ್ದವಿರುವ ಕಡೆ ಇಡಬೇಕು. ಹತ್ತಿ ಬೇಡ; ಅದರ ಎಳೆಗಳು ಉಗುರಿಗೆ ಸುತ್ತಿಕೊಳ್ಳುತ್ತವೆ. ಬಿಸಿನೀರು ತುಂಬಿದ ಒಂದು ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟರೆ ಸಾಕಷ್ಟು ಕಾವು ಸಿಗುತ್ತದೆ. ಬಾಯಿಗೆ ನೀರು ಹಾಕಕೂಡದು. ಹಕ್ಕಿಯ ಉಸಿರುಗೊಳವೆಯ ಬಾಯಿ ನಾಲಗೆಯ ಬುಡದಲ್ಲಿಯೇ ತೆರೆದಿರುತ್ತದೆ. ನಾವು ಪ್ರೀತಿಯಿಂದ ಹಾಕಿದ ಹನಿ ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಲಂತೂ ಬೇಡವೇ ಬೇಡ. ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಹಕ್ಕಿಯ ಹೊಟ್ಟೆಗಿಲ್ಲ. ಪಾರಿವಾಳ ಹಾಲೂಡುತ್ತದೆಯಲ್ಲವೆ ಎಂದು ಬಲ್ಲವರು ಕೇಳಬಹುದು. ಊಡುವುದು ನಿಜ, ಗಂಡು ಹೆಣ್ಣು ಎರಡೂ ಊಡುತ್ತವೆ, ಆದರೆ ಅದು ಅವುಗಳ ಗಂಟಲಚೀಲದ ಒಳಪದರದಿಂದ ಹುಟ್ಟುವ ಗಿಣ್ಣಿನಂಥ ವಸ್ತು, ಹಸುವಿನ ಹಾಲಿಗೂ ಅದಕ್ಕೂ ಹೆಸರಿನ ನಂಟು ಮಾತ್ರ. ಕಾಳು ತಿನ್ನುವ ಗುಬ್ಬಿಯೂ ಮರಿಗೆ ಉಣಿಸುವುದು ಹೆಚ್ಚಾಗಿ ಹುಳುಹುಪ್ಪಟೆಗಳನ್ನೇ. ಅದನ್ನೂ ಬೆಳಗಿನಿಂದ ಕತ್ತಲಾಗುವವರೆಗೆ, ಗಂಟೆಗೆ ಹಲವು ಸಲ. ಉದ್ಯೋಗಸ್ಥನೊಬ್ಬನು ರಜೆ ಹಾಕಿದರೂ ಮಾಡಲಾರದ ಕೆಲಸವಿದು. ಬೆಂಗಳೂರಿನವರಿಗೆ ಕೆಂಗೇರಿಯ ಕಡೆ ‘ಪೀಪಲ್ ಫಾರ್ ಅನಿಮಲ್ಸ್’ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಯಿದೆ. ಬೇರೆ ಊರಿನವರು ಅರಣ್ಯ ಇಲಾಖೆಯವರಿಗೋ ಪಶುವೈದ್ಯರಿಗೋ ಅದೇ ದಿನ ಒಪ್ಪಿಸುವುದು ಮೇಲು.

ಒಪ್ಪಿಸದೆ ತಾವೇ ಸಾಕಿಕೊಳ್ಳೋಣವೆಂಬ ಆಸೆ, ಮುಖ್ಯವಾಗಿ ಗಿಳಿಮರಿಯ ವಿಷಯದಲ್ಲಿ, ಎಲ್ಲರಿಗೂ ಬರುತ್ತದೆ. ನಮ್ಮ ನಾಡಿನ ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಕಾಯಿದೆಯ ಮಾತು ಅತ್ತ ಇರಲಿ. ಆಸ್ಟ್ರಿಯದ ಕೊನ್ರಾಡ್ ಲೊರೆಂಜ್ 1935ರ ತಮ್ಮ ಪ್ರಬಂಧದಲ್ಲಿ ಹೆಬ್ಬಾತಿನ ಮರಿಗಳ ವಿಚಾರವಾಗಿ ಬರೆದದ್ದು ಪ್ರಸಿದ್ಧವಾಗಿದೆ. ತತ್ತಿಯೊಡೆದೊಡನೆ ಮೊದಲು ಅವರನ್ನೇ ಕಂಡ ಮರಿಗಳು ಅವರನ್ನೇ ತಾಯಿಯೆಂದು ಹಿಂಬಾಲಿಸಿದುವು. 1973ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಎಲ್ಲ ಹಕ್ಕಿಗಳಲ್ಲಿ ಇದು ಇಷ್ಟು ಪ್ರಬಲವಾಗಿಲ್ಲ. ಆದರೂ ಮನುಷ್ಯರ ಕೈಯಲ್ಲಿಯೇ ಬೆಳೆದ ಮರಿ ಮನುಷ್ಯನಿಗೆ ಹೆದರುವುದನ್ನು ಕಲಿಯದು; ಹಾಡುಹಕ್ಕಿಯಾದರೆ, ದೊಡ್ಡ ಹಕ್ಕಿಗಳಿಂದ ಕೇಳಿ ಕಲಿಯಬೇಕಾದ ತನ್ನ ಕುಲದ ಹಾಡನ್ನೂ ಸರಿಯಾಗಿ ಕಲಿಯದು. ಭಾಷೆಯನ್ನು ಕಲಿಸಿ ಜೀವನ ಮಾಡುವ ನನ್ನಂಥವನಿಗೆ ಇದು ಸಣ್ಣ ನಷ್ಟವೆಂದು ತೋರುವುದಿಲ್ಲ.

ಎಷ್ಟು ಹೊತ್ತು ಕಾಯಬೇಕು ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಮೈತುಂಬ ಪುಕ್ಕವಿರುವ, ಗಾಯವಿಲ್ಲದ ಮರಿಯಾದರೆ ಹಗಲಿನಲ್ಲಿ ಎರಡು ಗಂಟೆಯಾದರೂ ದೂರದಿಂದ ನೋಡದೆ ತೀರ್ಮಾನಕ್ಕೆ ಬರಬಾರದು. ತಾಯಿ ಕಣ್ಣಿಗೆ ಬೀಳಲಿಲ್ಲವೆಂದ ಮಾತ್ರಕ್ಕೆ ತೊರೆದಳೆಂದು ಹೇಳುವಂತಿಲ್ಲ. ವ್ಯಾಸಭಾರತದ ಆದಿಪರ್ವದಲ್ಲಿ, ಖಾಂಡವವನ ಉರಿಯುವಾಗ, ಜರಿತೆಯೆಂಬ ಶಾರ್ಙ್ಗಕ ಪಕ್ಷಿಯ ಉಪಾಖ್ಯಾನ ಬರುತ್ತದೆ. ಬೆಂಕಿ ಹತ್ತಿರವಾಗುತ್ತಿದೆ, ರೆಕ್ಕೆ ಬಲಿಯದ ನಾಲ್ಕು ಮರಿಗಳು, ನಾಲ್ಕನ್ನೂ ಹೊತ್ತು ಹಾರಲಾರಳು. ಇಲಿಯ ಬಿಲದೊಳಗೆ ಅಡಗಿರಿ ಎಂದರೆ ಮರಿಗಳು ಒಪ್ಪವು. ಇಲಿಯ ಬಾಯಲ್ಲಿ ಸಾಯುವುದಕ್ಕಿಂತ ಬೆಂಕಿಯಲ್ಲಿ ಸಾಯುವುದು ಮೇಲು ಎಂದು ವಾದಿಸುತ್ತವೆ, ನೀನಾದರೂ ಹೋಗಿ ಬದುಕಿಕೋ ಎಂದು ತಾಯಿಯನ್ನು ಕಳುಹಿಸುತ್ತವೆ. ಅವಳು ಹಾರಿಹೋಗುತ್ತಾಳೆ. ಆ ಗಳಿಗೆಯಲ್ಲಿ ಯಾರಾದರೂ ಅಲ್ಲಿ ನಿಂತು ನೋಡಿದ್ದರೆ ನಾಲ್ಕು ಅನಾಥ ಮರಿಗಳನ್ನೇ ಕಂಡಿರುತ್ತಿದ್ದರು. ಬೆಂಕಿ ಅವುಗಳನ್ನು ಬಿಟ್ಟು ಮುಂದೆ ಸರಿದ ಮೇಲೆ ಜರಿತೆ ಮರಳಿ ಬಂದಳು; ಒಂದೊಂದನ್ನೂ ಬೇರೆ ಬೇರೆಯಾಗಿ ಅಪ್ಪಿಕೊಂಡು ಅತ್ತಳು. ಅಷ್ಟು ಹೊತ್ತೂ ಲಪಿತೆಯೆಂಬ ಇನ್ನೊಬ್ಬಳ ಜೊತೆಯಲ್ಲಿದ್ದ ತಂದೆ ಮಂದಪಾಲನು ಎಲ್ಲ ಮುಗಿದ ಮೇಲೆ ಬಂದು ಪ್ರತಿಯೊಬ್ಬರನ್ನೂ ಮಾತನಾಡಿಸಲು ನೋಡಿದನಂತೆ. ಮರಿಗಳು ತುಟಿಪಿಟಕ್ಕೆನ್ನಲಿಲ್ಲ.